ಇಪ್ಪತ್ತಾರು ಅಂಕಿಯ ಒಂದು ಸಂಖ್ಯೆ: ಕಾಲ, ದೇಶ, ಮತ ವಿಚಾರ

ಹಳಗನ್ನಡ ಕವಿಗಳ ಕಾಲ, ದೇಶ, ಮತಗಳನ್ನು ನಮ್ಮ ವಿದ್ವಾಂಸರು ಜಗಳಾಡಿ ತೀರ್ಮಾನಿಸಿದ್ದಾರೆ, ಇಲ್ಲವೇ ಜಗಳಾಡಿ ಬಿಟ್ಟಿದ್ದಾರೆ. 1,89,47,66,81,77,99,54,26,46,27,73,730 ಎಂಬ ಸಂಖ್ಯೆಗೆ ಆ ಭಾಗ್ಯ ಬರಲಿಲ್ಲ. ಪ್ರಸ್ತುತ ಸಂಪ್ರಬಂಧ ಆ ಕೊರತೆಯನ್ನು ನೀಗುತ್ತದೆ.

ಮೊದಲು ಕಾಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕಂಪ್ಯೂಟರ್ ವಿಭಾಗದವರು 76,86,36,97,74,870 ಮತ್ತು 24,65,09,97,45,779 ಎಂಬೆರಡನ್ನು ಆರಿಸಿ ಕೊಟ್ಟರು. ಶಕುಂತಲಾ ದೇವಿ ಮನಸ್ಸಿನಲ್ಲೇ ಗುಣಿಸಿ ಹೇಳಿದರು. ಗರ್ಭವಾಸ 28 ಸೆಕೆಂಡು. ಗುಣಲಬ್ಧ ಅನಾದಿ, ದೇವಿಯವರು ಅದನ್ನು ಓದಿದರಷ್ಟೇ ಎಂಬ ಪೂರ್ವಪಕ್ಷವೊಂದುಂಟು. ಹಾಗೆನ್ನುವವರು 28 ಸೆಕೆಂಡಿನಲ್ಲಿ ಅದನ್ನು ತಪ್ಪಿಲ್ಲದೆ ಓದಿಯಾದರೂ ತೋರಿಸಲಿ.

ದೇಶ. ಹೆರಿಗೆ ಲಂಡನ್ನಿನಲ್ಲಿ, ತವರು ಬೆಂಗಳೂರು. ದೇವಿಯವರು 1929ರಲ್ಲಿ ಹುಟ್ಟಿದ್ದು ಅಲ್ಲೇ. ಆಂತರಿಕ ಪ್ರಮಾಣವೂ ಇದೆ. ಇಂಗ್ಲಿಷ್ ಪಾಠದಲ್ಲಿ ಈ ಸಂಖ್ಯೆಗೆ ಅಲ್ಪವಿರಾಮ ಎಂಟು, ನಮ್ಮ ಪಾಠದಲ್ಲಿ ಹನ್ನೆರಡು. ನಾಲ್ಕು ಒಡವೆ ಹೆಚ್ಚಿಗೆ ಹೇರಿಕೊಳ್ಳುವುದು ಯಾವ ಕಡೆಯ ರೂಢಿಯೆಂದು ಬೇರೆ ಹೇಳಬೇಕೆ?

ಮತದ ಪ್ರಶ್ನೆ ಜಟಿಲ. ಏಳು ಎಂಬ ಅಂಕಿಯನ್ನು ಈ ಸಂಖ್ಯೆ ಆರು ಕಡೆ ಮೈಮೇಲೆ ಬರೆದುಕೊಂಡಿದೆ. ಏಳರಿಂದ ಭಾಗಿಸಿದರೆ ಮಾತ್ರ ನಾಲ್ಕು ಉಳಿಯುತ್ತದೆ. ಬರೀ ನಾಮ, ಒಳಗೆ ಭಕ್ತಿಯಿಲ್ಲ. ಹನ್ನೊಂದರ ಗುರುತು ಎಲ್ಲೂ ಇಲ್ಲ, ಆದರೆ ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಅದು ಎರಡನೆಯ ಗುಣ್ಯದ ಮನೆದೇವರು. ತುದಿಯ ಸೊನ್ನೆ ಪ್ರಕ್ಷಿಪ್ತವೇ ಎಂಬ ಶಂಕೆಗೆ ಆಸ್ಪದವಿಲ್ಲ, ಅದು ಮೊದಲನೆಯ ಗುಣ್ಯದಿಂದ ಬಂದ ಪಿತ್ರಾರ್ಜಿತ.

ಇನ್ನು ಜಾತಕ. ಅಂಕಿಗಳನ್ನು ಕೂಡಿದರೆ 138, ಮತ್ತೆ ಕೂಡಿದರೆ 12, ಮತ್ತೆ 3. ಹೆತ್ತವರದು 78 ಮತ್ತು 74, ಅಂದರೆ ಕೊನೆಗೆ 6 ಮತ್ತು 2. ಗುಣಿಸಿದರೆ 12, ಅದೂ 3. ಕೂಡಿತು! ಒಳಗೆ ಎರಡು ಅಂಕಿ ಅದಲುಬದಲಾಗಿದ್ದರೂ ಹೀಗೇ ಕೂಡುತ್ತಿತ್ತು. ಜಾತಕಗಳ ಸ್ವಭಾವವೇ ಅದು.

ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ನಮ್ಮ ಸಂಖ್ಯೆಗೆ ಬೇಕಾದದ್ದು 26. ಹೀಗಾಗಿ ಎಡತುದಿಯ 1 ಮತ್ತು 8 ಮಹಾಕ್ಷೋಭೆಯನ್ನೂ ದಾಟಿ ಹೆಸರಿಲ್ಲದ ಬೀದಿಯಲ್ಲಿ ವಾಸವಾಗಿವೆ. ಅಲ್ಲಿಗೆ ಅಂಚೆ ಹೋಗುವುದಿಲ್ಲ.

ಮೂಲಪಾಠ ಪರಿಶೀಲಿಸದೆ ಸಂಪಾದನೆ ಸಲ್ಲದಷ್ಟೆ. ಮೊಬೈಲಿನ ಕ್ಯಾಲ್ಕುಲೇಟರು ಮೊದಲ ಕೆಲವು ಅಂಕಿ ತೋರಿಸಿ ಬಾಲ ನುಂಗಿತು. ಕೊನೆಗೆ ಕೈಯಲ್ಲೇ ಮಾಡಲು ಕುಳಿತೆ. ಹದಿಮೂರು ಸಾಲು, ಸಾಲಿಗೆ ಹದಿಮೂರು, ಒಟ್ಟು 169 ಮಗ್ಗಿ. ಮೂರು ಭಾನುವಾರ ಮಾಡಿದೆ. ಮೂರು ಪಾಠಾಂತರಗಳು ದೊರೆತಿವೆ. ಅವುಗಳಲ್ಲಿ ಎರಡಕ್ಕೆ ಜಾತಕ ಕೂಡಿದೆ.