ಸಾವಿರ ಲೀಟರಿನ ಸರೋವರ

ಪ್ಲಂಬರ್ "ನಾಳೆ ಬರ್ತೀನಿ ಸಾರ್" ಅಂದಿದ್ದ. ಅದು ನಾಲ್ಕನೆಯ ನಾಳೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಹರಿದು, ಹತ್ತಿರಹತ್ತಿರ 500 ಮೀಟರ್ ಎತ್ತರ ಏರಿ ಬೆಂಗಳೂರಿಗೆ ಬಂದ ಕಾವೇರಿ, ನಮ್ಮ ಸಂಪಿನಲ್ಲೇ ಸುಮ್ಮನೆ ಕೂತಿದ್ದಳು. ತಾರಸಿಯ ಹೊಸ ಟ್ಯಾಂಕು ಖಾಲಿ. "ಒಂದು ತೂತು, ಒಂದು ನಿಪ್ಪಲ್ಲು. ಇದಕ್ಕೂ ಪ್ಲಂಬರ್ ಬೇಕಾ?" ಎಂದೆ. ಹೆಂಡತಿ ಏನೂ ಹೇಳಲಿಲ್ಲ. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದಿಂಚಿನ ಟ್ಯಾಂಕ್ ನಿಪ್ಪಲ್, ಜೊತೆಗೊಂದು ಅಡಾಪ್ಟರ್ ಕೇಳಿದೆ.

"ಮೇಲಾ, ಫೀಮೇಲಾ?" ಅಂದ ಹುಡುಗ.

"ಮೇಲೇಪ್ಪಾ, ತಾರಸಿ ಮೇಲೆ."

ಪಕ್ಕದಲ್ಲಿದ್ದ ಮೇಸ್ತ್ರಿ ನನ್ನನ್ನು ಕರುಣೆಯಿಂದ ನೋಡಿದರು. ಹುಡುಗ ಎರಡನ್ನೂ ಕಟ್ಟಿಕೊಟ್ಟ.

ತೂತು ಸಲೀಸಾಗಿ ಬಿತ್ತು. ಗಸಿ ತಳದಲ್ಲೇ ಉಳಿಯಲೆಂದು ಮೂರಿಂಚು ಮೇಲಕ್ಕೇ ಕೊರೆದಿದ್ದೆ. ಫಜೀತಿ ಆಮೇಲಿನದು. ನಿಪ್ಪಲ್ಲು ಒಳಗಿನಿಂದ ತೂರಬೇಕು, ಚೆಕ್‌ನಟ್ಟು ಹೊರಗಿನಿಂದ ಬಿಗಿಯಬೇಕು. ಮೇಲಿನ ಬಾಯಿಂದ ಕೈ ಹಾಕಿದರೆ ಎಟುಕದು. ಇಳಿದೆ.

ರನ್ನನ ದುರ್ಯೋಧನ ವೈಶಂಪಾಯನ ಸರೋವರದ ನೀರೊಳಗಿದ್ದೂ ಬೆವರಿದನಂತೆ. ಅದೇನು ಮಹಾ! ನಾನು ಹನಿ ನೀರಿಲ್ಲದ ಸರೋವರದಲ್ಲಿ, ಮಧ್ಯಾಹ್ನ ಹನ್ನೆರಡರ ಬಿಸಿಲಿಗೆ ಕಾದ ಕರಿ ಪ್ಲಾಸ್ಟಿಕ್ಕಿನ ನಡುವೆ, ಮಂಡಿ ಗಲ್ಲಕ್ಕೊತ್ತಿ ಕುಕ್ಕರಗಾಲಲ್ಲಿ ಕೂತಿದ್ದೆ. ಹೊರಗೆ ಗದೆಯ ಬದಲು ಪೈಪ್ ರೆಂಚ್ ಹಿಡಿದ ಭೀಮ, ಅಂದರೆ ನನ್ನ ಹೆಂಡತಿ. ಅವಳು ನಟ್ಟು ತಿರುಗಿಸಿದಂತೆಲ್ಲ ಒಳಗೆ ನಿಪ್ಪಲ್ಲೂ ತಿರುಗಿತು, ಅದನ್ನು ಬಿಗಿಯಾಗಿ ಹಿಡಿದಿದ್ದ ನಾನೂ ತಿರುಗಿದೆ.

"ಬಿಗಿ ಆಯ್ತೇನ್ರೀ?"

"ಆಯ್ತು!" ಎಂದೆ. ಆಯ್ತು, ಆಯ್ತು, ಆಯ್ತು ಎಂದು ಟ್ಯಾಂಕೂ ಅಂದಿತು. ಅಷ್ಟು ಗಂಭೀರವಾದ ದನಿ ನನಗಿದೆಯೆಂದು ಗೊತ್ತೇ ಇರಲಿಲ್ಲ. ಖುಷಿಯಾಗಿ ಒಂದು ಆಲಾಪನೆ ತೆಗೆದೆ. ಪಕ್ಕದ ತಾರಸಿಯಲ್ಲಿ ಸಂಡಿಗೆ ಕಾಯುತ್ತಿದ್ದ ಅಜ್ಜಿ ಎದ್ದು ನಿಂತರಂತೆ.

"ಯಾರಮ್ಮಾ ಒಳಗೆ?"

"ನಮ್ಮನೆಯವ್ರು."

"ಯಾವತ್ತಿಂದ?"

ಹೊರಬರುವಾಗ ಟ್ಯಾಂಕಿನ ಬಾಯಿಯ ಅಂಚು ತರಚಿದ್ದೂ ತೊಡೆಗೇ!

ಸಂಜೆ ಮೋಟಾರ್ ಹಾಕಿದೆ. ಟ್ಯಾಂಕು ತುಂಬಿತು, ನಿಪ್ಪಲ್ಲಿನ ಸುತ್ತ ತೊಟ್ಟಿಕ್ಕಿ, ಆಮೇಲೆ ಧಾರೆಯಾಗಿ ಖಾಲಿಯೂ ಆಯಿತು. ಬೆವರು ಒರೆಸಲು ಕರ್ಚೀಫು ಎಳೆದರೆ ಜೊತೆಗೇ ಬಂತು, ಹಾಕಲು ಮರೆತಿದ್ದ ರಬ್ಬರ್ ವಾಷರ್.

ಮರುದಿನವೇ, ನನ್ನ ಮಾನ ಕಳೆಯಲೆಂದೇ, ಪ್ಲಂಬರ್ ಬಂದ. ತೂತಿನಲ್ಲಿ ದಾರ ತೂರಿಸಿ, ಮೇಲಿನ ಬಾಯಿಂದ ಕೊಕ್ಕೆ ಕಟ್ಟಿದ ಕೋಲಿನಲ್ಲಿ ಅದರ ತುದಿ ಎತ್ತಿಕೊಂಡ. ವಾಷರ್ ಹಾಕಿದ ನಿಪ್ಪಲ್ಲನ್ನು ದಾರಕ್ಕೆ ಪೋಣಿಸಿ, ತುದಿಗೊಂದು ಅಡ್ಡಕಡ್ಡಿ ಕಟ್ಟಿ, ಹೊರಗಿನಿಂದ ಎಳೆದ. ಅದು ತಾನಾಗಿ ಜಾರಿ ಬಂದು ತೂತಿನಲ್ಲಿ ಕೂತಿತು. ನಟ್ಟು ಬಿಗಿದ. ಹತ್ತು ನಿಮಿಷ. ಒಳಗೆ ಯಾರೂ ಇಳಿಯಲಿಲ್ಲ.

ನನ್ನ ಸಾಹಸ ಕೇಳಿ ನಗುತ್ತಿದ್ದವನು ತಟ್ಟನೆ ನಗು ನಿಲ್ಲಿಸಿದ. "ಇದೇನೋ ಖಾಲಿ ಟ್ಯಾಂಕು ಸಾರ್. ಸಂಪಿಗೆ ಮಾತ್ರ ಹೀಗೆ ಇಳೀಬೇಡಿ. ಅಲ್ಲಿ ಗಾಳಿ ಇರಲ್ಲ. ನಮ್ಮ ಕಡೆ ಹುಡುಗ್ರು ಇಳಿದು ಮೇಲೆ ಬಂದಿಲ್ಲ." ಹೋದ ವರ್ಷ ಸಂಪು ತೊಳೆಯಲು ಬಂದ ಹುಡುಗನ ಜೊತೆ ಐವತ್ತು ರೂಪಾಯಿಗೆ ಚೌಕಾಸಿ ಮಾಡಿದ್ದು ನೆನಪಾಯಿತು. ಇವನ ಜೊತೆ ಮಾಡಲಿಲ್ಲ.

ಈಗಲೂ ನಮ್ಮ ಮೋಟಾರಿನ ಸದ್ದು ಕೇಳಿದರೆ ಅಜ್ಜಿ ಕೂಗುತ್ತಾರೆ: "ಒಳಗೆ ಯಾರೂ ಇಲ್ಲ ತಾನೇ?"

ಇಲ್ಲ ಅಜ್ಜಿ. ಮುಚ್ಚಳ ತೆಗೆದು ನೋಡಿಯೇ ಸ್ವಿಚ್ ಹಾಕಿದ್ದೇನೆ.