ಸ್ನೇಹ ತರಬೇತಿ ಶಿಬಿರ: ನಿರ್ದೇಶಕರ ವರದಿ

ಆಸ್ಪರ್ಗರ್ ಇರುವ ವಯಸ್ಕರಿಗೆ ಸ್ನೇಹಿತರನ್ನು ದೊರಕಿಸಿಕೊಡಲು ನಮ್ಮ ಸಂಸ್ಥೆ ಬೆಂಗಳೂರಿನಲ್ಲಿ ನಡೆಸುವ ಶಿಬಿರ ಈ ವರ್ಷವೂ ವಿಜೃಂಭಣೆಯಿಂದ ಜರುಗಿತು. ಉದ್ಘಾಟನೆಗೆ ನಾದಸ್ವರವಿತ್ತು. ಮೈಕಿನ ಕೀರಲು ಸದ್ದು, ಸೀರಿಯಲ್ ಲೈಟಿನ ಮಿಣುಕು ತಾಳಲಾರದೆ ಹಲವು ಶಿಬಿರಾರ್ಥಿಗಳು ಕಿವಿ ಮುಚ್ಚಿಕೊಂಡರು. ಅತಿಥಿಗಳ ಭಾಷಣ ಅವರಿಗೆ ಕೇಳಿಸದೇ ಹೋದೀತೆಂದು ಸದ್ದು ಹೆಚ್ಚಿಸಲಾಯಿತು.

ಹೆಸರಿನ ಬಗ್ಗೆ ಕೆಲವರ ತಕರಾರಿದೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲೇ ‘ಆಸ್ಪರ್ಗರ್’ ಕೈಬಿಟ್ಟು ಎಲ್ಲವನ್ನೂ ಆಟಿಸಂ ಎಂದೇ ಕರೆಯಿತು. ವಿಯೆನ್ನಾದ ವೈದ್ಯ ಹಾನ್ಸ್ ಆಸ್ಪರ್ಗರ್, ನಾತ್ಸಿಗಳು ಅಂಗವಿಕಲ ಮಕ್ಕಳನ್ನು ಕೊಲ್ಲುತ್ತಿದ್ದ ಚಿಕಿತ್ಸಾಲಯಕ್ಕೆ ತಾವೂ ಮಕ್ಕಳನ್ನು ಕಳಿಸಿದ್ದರೆಂಬುದನ್ನು ಇತಿಹಾಸಕಾರ ಹೆರ್ವಿಗ್ ಚೆಕ್ 2018ರಲ್ಲಿ ದಾಖಲೆ ಸಮೇತ ಪ್ರಕಟಿಸಿದರು. ನಮ್ಮ ಬೋರ್ಡು ಅದಕ್ಕೂ ಹಿಂದಿನದು. ಬಣ್ಣ ಇನ್ನೂ ಗಟ್ಟಿಯಾಗಿದೆ.

ಇನ್ನು ಪಠ್ಯಕ್ರಮ. ಮೊದಲ ಪಾಠ ‘ಊಟ ಆಯ್ತಾ?’ ಸರಿಯುತ್ತರ: ‘ಆಯ್ತು, ನಿಮ್ದು?’ ಊಟ ಆಗಿರಲೇಬೇಕೆಂದೇನಿಲ್ಲ. ಒಬ್ಬ ಶಿಬಿರಾರ್ಥಿ ‘ಇಲ್ಲ, ಹಸಿವಾಗ್ತಿದೆ’ ಎಂದುಬಿಟ್ಟ. ಕೇಳಿದ ಸ್ವಯಂಸೇವಕಿಗೆ ಮುಂದೇನು ಮಾಡಬೇಕೆಂದು ತೋಚದೆ ಕಣ್ಣಲ್ಲಿ ನೀರು ಬಂತು. ಎರಡನೆಯದು ಕಾಫಿ. ಬೇಕಿದ್ದವರು ಎರಡು ಸಲ ‘ಬೇಡ, ಈಗ ತಾನೇ ಆಯ್ತು’ ಎಂದು, ಮೂರನೆಯ ಸಲಕ್ಕೆ ‘ಸರಿ, ಒಂದರ್ಧ ಲೋಟ’ ಎನ್ನಬೇಕು. ಇವರೋ, ಮೊದಲ ಸಲವೇ ‘ಬೇಕು, ಸಕ್ಕರೆ ಹಾಕಬೇಡಿ’ ಎಂದು ಕುಡಿದು ಲೋಟ ತೊಳೆದಿಡುತ್ತಾರೆ. ಉಪಚಾರಕ್ಕೆ ಜಾಗವೇ ಇಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ‘ಒಂದ್ಸಲ ಮನೆ ಕಡೆ ಬನ್ನಿ’. ನಾನು ಇದನ್ನು ಉದಾಹರಣೆಗಾಗಿ ಹೇಳಿದ ಕೂಡಲೇ ಒಬ್ಬಾಕೆ ಫೋನು ತೆಗೆದು, ‘ಯಾವ ಭಾನುವಾರ ಸರ್? ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ?’ ಎಂದರು. ನಾನು ಮನೆ ಬದಲಾಯಿಸುತ್ತಿರುವುದಾಗಿ ಹೇಳಿ ಪಾರಾದೆ. ಹೇಳಿದ್ದನ್ನು ಹೇಳಿದಂತೆಯೇ ನಂಬುವ ಈ ಪ್ರವೃತ್ತಿಗೆ ಕರ್ನಾಟಕದಲ್ಲಿ ಪೂರ್ವನಿದರ್ಶನ ಒಂದೇ: ತೊಂಬತ್ತರ ದಶಕದಲ್ಲಿ ಬಾಗಿಲ ಮೇಲಿನ ‘ನಾಳೆ ಬಾ’ ಓದಿ ಹಿಂದಿರುಗಿ, ಮರುದಿನ ತಪ್ಪದೆ ಹಾಜರಾಗುತ್ತಿದ್ದ ದೆವ್ವ. ಅದಕ್ಕೂ ಸ್ನೇಹಿತರಿದ್ದ ಬಗ್ಗೆ ಮಾಹಿತಿಯಿಲ್ಲ.

ಶಿಬಿರಕ್ಕೆ ಕಪ್ಪುಚುಕ್ಕೆಯಾದ ಪ್ರಸಂಗ ನಡೆದದ್ದು ಊಟದ ವಿರಾಮದಲ್ಲಿ. ತರಬೇತುದಾರರು ಯಾರೂ ಇಲ್ಲದ ಹೊತ್ತು ನೋಡಿ, ವೀರಗಲ್ಲುಗಳ ಹುಚ್ಚಿನ ಹುಡುಗನೊಬ್ಬ ಬೇಗೂರಿನ ಶಾಸನದ ಬಗ್ಗೆ ಮಾತು ತೆಗೆದ. ರಾಜಕಾಲುವೆಗಳ ನಕ್ಷೆ ಬಾಯಿಪಾಠವಿದ್ದ ಮಹಿಳೆ, ಯಾವ ಕಲ್ಲು ಯಾವ ಕೆರೆಯ ಏರಿಯ ಪಕ್ಕದ್ದೆಂದು ಕೂಡಿಸತೊಡಗಿದರು. ಒಬ್ಬರ ಕಣ್ಣನ್ನು ಒಬ್ಬರು ನೋಡಲಿಲ್ಲ. ‘ಮತ್ತೇನ್ ಸಮಾಚಾರ’ ಎಂದು ಅಪ್ಪಿತಪ್ಪಿಯೂ ಕೇಳಲಿಲ್ಲ. ಮೂರನೆಯವನೊಬ್ಬ ಗೋಡೆಗೆ ಮುಖಮಾಡಿ ಮೊಸರನ್ನ ತಿನ್ನುತ್ತಲೇ ಎಲ್ಲ ಕೇಳಿಸಿಕೊಂಡ. ನಡುವೆ ಹುಡುಗ, ಆಫೀಸಿನಲ್ಲಿ ಮೀಟಿಂಗ್ ಮುಗಿದ ಮೇಲೆ ತಾನು ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಕೂರುವುದನ್ನು ಹೇಳಿದ. ಅವನು ಅದನ್ನು ಮನೆಯಲ್ಲೂ ಹೇಳಿರಲಿಲ್ಲವಂತೆ. ‘ನಾನೂ ಅಷ್ಟೇ’ ಎಂದ ಗೋಡೆಯ ಕಡೆಯವನು, ಮೀಟಿಂಗಿನ ವಿಷಯಗಳನ್ನು ಮೊದಲೇ ಬರೆದು ಕಳಿಸಿ ಎಂದು ಮೇಲಧಿಕಾರಿಗೆ ಮೇಲ್ ಮಾಡುವುದು ಹೇಗೆಂದು ತೋರಿಸಿಕೊಟ್ಟ. ಇದನ್ನೆಲ್ಲ ಸ್ನೇಹವೆಂದು ದಾಖಲಿಸಲು ನಮ್ಮ ನಮೂನೆಯಲ್ಲಿ ಕಾಲಂ ಇಲ್ಲ. ಮೂವರಿಗೂ ‘ಬೆರೆಯುವುದಿಲ್ಲ’ ಎಂದು ಗುರುತು ಹಾಕಲಾಯಿತು.

ಇಂಥವಕ್ಕೆ ಸಂಶೋಧಕರ ಕುಮ್ಮಕ್ಕೂ ಇದೆ. ಎಡಿನ್‌ಬರೊದಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ತಂಡ ಒಬ್ಬರಿಂದೊಬ್ಬರಿಗೆ ಕಥೆ ದಾಟಿಸುವ ಪ್ರಯೋಗ ಮಾಡಿ 2020ರಲ್ಲಿ ಪ್ರಕಟಿಸಿತು. ಆಟಿಸಂ ಇರುವವರೇ ಇದ್ದ ಸಾಲಿನಲ್ಲಿ ಕಥೆ, ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ದಾಟಿತು. ಹೆಚ್ಚು ಸೋರಿದ್ದು ಎರಡೂ ಬಗೆಯವರನ್ನು ಬೆರೆಸಿದ ಸಾಲಿನಲ್ಲಿ. ಇದರಿಂದ ತಿಳಿಯುವುದಿಷ್ಟೆ: ಇವರನ್ನು ಇವರ ಪಾಡಿಗೆ ಒಟ್ಟಿಗೆ ಬಿಟ್ಟರೆ ನಮಗೆ ಕೆಲಸವಿರುವುದಿಲ್ಲ. ಹಾಗಾಗಿ ಊಟದ ವಿರಾಮವನ್ನು ರದ್ದುಪಡಿಸಲಾಗಿದೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲೇ, ಈ ಅರ್ಥವಾಗದಿರುವಿಕೆ ಎರಡೂ ಕಡೆಯದು, ಅವರಿಗೆ ನಾವು ತಿಳಿಯದಷ್ಟೇ ನಮಗೂ ಅವರು ತಿಳಿಯುವುದಿಲ್ಲ ಎಂದು ವಾದಿಸಿದರು. ಅವರೂ ಆಟಿಸಂ ಇರುವವರೇ, ಆದ್ದರಿಂದ ಪಕ್ಷಪಾತಿ. ಅವರ ವಾದ ಒಪ್ಪಿದರೆ ಶಿಬಿರದ ಅರ್ಧ ಶುಲ್ಕ ನಾನೇ ಕಟ್ಟಬೇಕಾಗುತ್ತದೆ.

ಅಮೆರಿಕದಲ್ಲಿ ಆಟಿಸಂ ಇರುವ ಜಿಮ್ ಸಿಂಕ್ಲೇರ್ ಮತ್ತಿತರರು 1996ರಲ್ಲಿ ‘ಆಟ್ರೀಟ್’ ಎಂಬ ತಮ್ಮದೇ ಶಿಬಿರ ಶುರುಮಾಡಿದ್ದರು. ಆ ಬಳಗದ ಬಣ್ಣದ ಬ್ಯಾಡ್ಜುಗಳಲ್ಲಿ ಕೆಂಪು ಎಂದರೆ ಮಾತಾಡಿಸಬೇಡಿ, ಹಳದಿ ಎಂದರೆ ಪರಿಚಯದವರು ಮಾತ್ರ. ಇದನ್ನು ನಮ್ಮಲ್ಲಿ ತಂದರೆ ಮದುವೆಮನೆಗಳ ಗತಿಯೇನು? ಇಡೀ ಛತ್ರ ಕೆಂಪಾಗಿ, ‘ನಿಂದ್ಯಾವಾಗಪ್ಪಾ?’ ಎಂದು ಕೇಳಬೇಕಾದ ದೊಡ್ಡಮ್ಮಂದಿರು ಬಾಯಿ ಕಟ್ಟಿಕೊಂಡು ಪಾಯಸ ಕುಡಿಯಬೇಕಾದೀತು.

ಆ ಮೂವರು ಈಗ ಬೇರೆಯೇ ಗುಂಪು ಕಟ್ಟಿಕೊಂಡಿದ್ದಾರೆಂದು ತಿಳಿದುಬಂದಿದೆ. ನನಗೂ ಆಹ್ವಾನ ಕಳಿಸಿದ್ದರು: ತಾರೀಖು, ಶುರುವಾಗುವ ವೇಳೆ, ಮುಗಿಯುವ ವೇಳೆ, ಯಾರ್ಯಾರು ಇರುತ್ತಾರೆ, ಸಾಕಾದರೆ ಹೇಳದೆ ಎದ್ದು ಹೋಗಬಹುದು. ‘ಖಂಡಿತಾ ನೋಡೋಣ’ ಎಂದೆ. ‘ಅಂದ್ರೆ ಬರ್ತೀರೋ ಇಲ್ಲವೋ ಸರ್?’ ಎಂದು ಮರುಪ್ರಶ್ನೆ ಬಂತು. ತರಬೇತಿ ಎಷ್ಟು ಅಪೂರ್ಣವೆಂಬುದಕ್ಕೆ ಬೇರೆ ಪುರಾವೆ ಬೇಡ.

ಮುಂದಿನ ತಂಡಕ್ಕೆ ನೋಂದಣಿ ಆರಂಭವಾಗಿದೆ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ಎಂದರೆ ಹನ್ನೊಂದೂವರೆಗೆ, ಬರತಕ್ಕದ್ದು.