ರೆಸಿನ್ ರಾಯರ ಮುಸುರೆ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ರೆಸಿನ್ ರಾಯರಿಗೆ ಈಗ ಬರವಿಲ್ಲ. ನೆಂಟರ ಮದುವೆಯ ಹಾರ ಒಣಗುವ ಮೊದಲೇ ಅದನ್ನು ಎಪಾಕ್ಸಿ ರೆಸಿನ್ ಎರೆದು ಗೋಡೆ ಗಡಿಯಾರದೊಳಗೆ ಹೂತಿಡುವ ಹುಮ್ಮಸ್ಸು ಅವರದು. (ಹಸಿ ಹೂ ಒಳಗೇ ಕಂದುತ್ತದೆಂದು ಮದುಮಗಳಿಗೆ ತಿಳಿಯುವುದು ಆಮೇಲೆ.) ರಾಯರ ಯೋಗ್ಯತೆ ಅಳೆಯಲು ಶೋಕೇಸನ್ನಲ್ಲ, ಸಿಂಕನ್ನು ನೋಡಬೇಕೆಂಬುದು ನನ್ನ ವಾದ. ಎರಕ ಹೊಯ್ಯುವುದು ಹತ್ತು ನಿಮಿಷದ ಕೆಲಸ, ಉಳಿದದ್ದೆಲ್ಲ ಮುಸುರೆ ತಿಕ್ಕುವುದು. ರಾಯರು ಕಲಿತಿರುವುದು ಆ ಹತ್ತು ನಿಮಿಷ ಮಾತ್ರ.

ಸಾಕ್ಷಿಗೆ ಅಡುಗೆಮನೆಯೇ ಇದೆ. ಸಾರಿಗೆ ಉಪ್ಪು ಹಾಕುವ ಕಣ್ಣಂದಾಜಿನಲ್ಲೇ ರಾಯರು ರೆಸಿನ್‌ಗೆ ಹಾರ್ಡನರ್ ಸುರಿಯುತ್ತಾರೆ. ತುಸು ಹೆಚ್ಚು ಬಿದ್ದರೆ ಬೇಗ ಗಟ್ಟಿಯಾದೀತೆಂಬ ನಂಬಿಕೆ. ಆಗುವುದು ಉಲ್ಟಾ: ಡಬ್ಬಿಯ ಮೇಲೆ ಬರೆದ ಪ್ರಮಾಣ ತಪ್ಪಿದರೆ ಎರಕ ವಾರ ಕಳೆದರೂ ಹಲಸಿನ ಮೇಣದಂತೆ ಅಂಟುತ್ತದೆ. ಅಚ್ಚಿಗೆ ಪ್ಲಾಟಿನಂ ಸಿಲಿಕೋನ್ ತರುತ್ತಾರೆ, ಕೈಗೆ ಲೇಟೆಕ್ಸ್ ಗವಸು ಹಾಕುತ್ತಾರೆ. ಆ ಗವಸಿನ ಗಂಧಕ ಸೋಕಿದರೆ ಸಿಲಿಕೋನ್ ಗಟ್ಟಿಯಾಗಲು ಒಪ್ಪದು, ನೈಟ್ರೈಲ್ ಗವಸೇ ಬೇಕು. ಬೈಗುಳ ಮಾತ್ರ ಅಂಗಡಿಯವನಿಗೆ. ಕೊನೆಗೆ ಕಪ್ಪು, ಕಡ್ಡಿಗಳೆಲ್ಲ ಸಿಂಕಿನಲ್ಲಿ, ನಲ್ಲಿಯ ಕೆಳಗೆ. ಎಪಾಕ್ಸಿ ನೀರಿನಲ್ಲಿ ಕರಗುವುದಿಲ್ಲ. ಪೈಪಿನ ಬಾಗಿನಲ್ಲಿ ಕೂತು ಕಲ್ಲಾಗುತ್ತದೆ. ರಾಯರ ಎರಕಗಳಲ್ಲಿ ಗುಳ್ಳೆಯಿಲ್ಲದೆ ಬಂದದ್ದು ಅದೊಂದೇ ಇರಬೇಕು, ಆದರೆ ಅದನ್ನು ಕಂಡವನು ಪ್ಲಂಬರ್.

ಹವ್ಯಾಸಕ್ಕೆ ಇಷ್ಟೊಂದು ಮಡಿಯೇ ಎಂದು ಕೇಳಬಹುದು. ತಮಾಷೆಯೆಂದರೆ, ಇಲ್ಲಿ ಬೇಕಾದದ್ದು ಮಡಿಗಿಂತ ಸೋಮಾರಿತನ. ಸಿಲಿಕೋನ್ ಕಪ್ಪಿನ ತಳದಲ್ಲಿ ಉಳಿದದ್ದನ್ನು ತೊಳೆಯದೆ ಹಾಗೇ ಬಿಟ್ಟು ಮಲಗಿದರೆ ಮರುದಿನ ಕಪ್ಪನ್ನು ಮಡಚಿದಾಗ ಸಿಪ್ಪೆಯಂತೆ ಕಳಚಿಕೊಳ್ಳುತ್ತದೆ. ಹೆಚ್ಚು ಉಳಿದಿದ್ದರೆ ಮಾತ್ರ ತೆಳುವಾಗಿ ಹರಡಬೇಕು, ಒಟ್ಟಿಗೇ ಬಿಟ್ಟರೆ ಕಾದು ಹೊಗೆಯಾಡೀತು. ಉಳಿದ ಸಲಕರಣೆಯನ್ನು ಮೊದಲು ಕಾಗದದಿಂದ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದರಾಯಿತು. ರೆಸಿನ್ ಮೈಗೆ ತಾಗಿದರೆ ಆಲ್ಕೋಹಾಲ್ ಹಚ್ಚಬಾರದು, ಸೋಪು ನೀರೇ ಸಾಕು. ಇಷ್ಟು ಸುಲಭವಾದದ್ದನ್ನು ಬಿಟ್ಟು ರಾಯರು ಕಷ್ಟಪಟ್ಟು ತಪ್ಪು ಮಾಡುತ್ತಾರೆ.

"ಗಟ್ಟಿಯಾದ ಮೇಲೆ ವಿಷವೇನಿದೆ, ರೆಸಿನ್ ಕಲಸಿದ ಸೌಟು ಅಡುಗೆಗೆ ಮರಳಿದರೇನು?" ಇದು ರಾಯರ ಪಾಟೀಸವಾಲು. ಅರ್ಧ ನಿಜವೇ. ಅಳತೆ ಸರಿಯಿದ್ದು ಪೂರ್ತಿ ಗಟ್ಟಿಯಾದದ್ದು ನಿರುಪದ್ರವಿ ಎನ್ನೋಣ. ಕಣ್ಣಂದಾಜಿನ ರಾಯರದು ಪೂರ್ತಿ ಗಟ್ಟಿಯಾಗಿದೆಯೆಂದು ಹೇಳುವವರಾರು? ಹಸಿ ಎಪಾಕ್ಸಿಗೆ ಚರ್ಮ ಒಮ್ಮೆ ಮುನಿಸಿಕೊಂಡಿತೆಂದರೆ ಆಮೇಲೆ ತೊಟ್ಟು ತಾಗಿದರೂ ತುರಿಕೆ ಏಳಬಹುದು. ಮುಸುರೆ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಬೇಡವೆಂದ ಅಜ್ಜಿಯನ್ನು ರಾಯರು ಮೂಢಳೆಂದು ಗೇಲಿ ಮಾಡಿದವರು; ಆಕೆಗೆ ಎಪಾಕ್ಸಿ ಗೊತ್ತಿರಲಿಲ್ಲ, ಭರಣಿ ಗೊತ್ತಿತ್ತು. ಈಗ ಅದೇ ಭರಣಿಯ ಚಮಚದ ಹಿಡಿಗೆ ಗುಲಾಬಿಯ ದಳವೊಂದು ಗಟ್ಟಿಯಾಗಿ ಅಂಟಿ ಕೂತಿದೆ. ಕಿತ್ತರೆ ಬಾರದು. ರಾಯರು ಅದನ್ನೂ ಕಲಾಕೃತಿಯ ಲೆಕ್ಕಕ್ಕೆ ಸೇರಿಸಿ ಬೆಲೆ ಹೇಳುತ್ತಾರೆ.